ಹ್ಯಾಮರ್ ಎಸೆದು ಮನೆಮಾತಾದ ಕೋಜಿ ಮುರೊಫುಶಿ

ಅಥ್ಲೆಟಿಕ್ಸ್ ಇಷ್ಟಪಡುವವರಿಗೂ ಹ್ಯಾಮರ್ ಥ್ರೋ ಅಂದ್ರೆ ಅಷ್ಟಕ್ಕಷ್ಟೆ. ನೂರು ಮೀಟರ್ ಓಟ ಗೊತ್ತು, ರಿಲೇ ಗೊತ್ತು. ನೀರಜ್ ಚೋಪ್ರಾ ಬಂದಮೇಲೆ ಜಾವೆಲಿನ್ ಕೂಡ ಮನೆಮನೆಗೆ ಗೊತ್ತಾಯಿತು. ಹ್ಯಾಮರ್‌ಗೆ ಮಾತ್ರ ಆ ಭಾಗ್ಯ ಬಂದಿಲ್ಲ. ಒಲಿಂಪಿಕ್ಸ್ ನಡೆಯುವಾಗಲೂ ಟಿವಿಯಲ್ಲಿ ಕಾಣುವುದು ಒಂದೆರಡು ಎಸೆತ, ಆಮೇಲೆ ಪದಕ ಯಾರಿಗೆ ಬಂತು ಅನ್ನೋ ಒಂದು ಸಾಲು.

ಇಂಥ ಆಟ ಆಡಿಕೊಂಡು ಜಪಾನಿನ ಕೋಜಿ ಮುರೊಫುಶಿ ದೇಶಕ್ಕೆಲ್ಲ ಗೊತ್ತಿರುವ ಮುಖವಾದರು. ಟಿವಿ ಕಾರ್ಯಕ್ರಮಗಳಿಗೆ ಅವರು ಬೇಕಾದರು, ವಿಶ್ವವಿದ್ಯಾಲಯಕ್ಕೆ ಬೇಕಾದರು, ಕೊನೆಗೆ ಸರ್ಕಾರಕ್ಕೂ ಬೇಕಾದರು. ಇದು ಹೇಗಾಯಿತು? ಒಲಿಂಪಿಕ್ ಚಿನ್ನ ಬಂತು, ಹೆಸರು ಬಂತು ಅಂತ ಸುಮ್ನೆ ಹೇಳಿ ಮುಗಿಸಬಹುದು. ಆದರೆ ಒಲಿಂಪಿಕ್ ಚಿನ್ನ ಗೆದ್ದ ಬೇರೆ ಹ್ಯಾಮರ್ ಎಸೆತಗಾರರ ಹೆಸರು ಎಷ್ಟು ಜನಕ್ಕೆ ನೆನಪಿದೆ ಹೇಳಿ. ಹಾಗಾಗಿ ಈ ಆಟ ಏನು, ಇದರಲ್ಲಿ ಒಬ್ಬರ ಬದುಕು ಹೇಗೆ ಸಾಗುತ್ತೆ ಅನ್ನೋದನ್ನು ಮೊದಲು ನೋಡಬೇಕು. ಜನಪ್ರಿಯತೆಯ ಲೆಕ್ಕ ಆಮೇಲೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಂದು ಲೋಹದ ಗುಂಡು. ಅದಕ್ಕೆ ಉಕ್ಕಿನ ತಂತಿ. ತಂತಿಯ ತುದಿಗೆ ಕೈಹಿಡಿ. ಎಲ್ಲ ಸೇರಿ ಗಂಡಸರ ಹ್ಯಾಮರ್ 7.26 ಕಿಲೋ ತೂಗುತ್ತೆ, ಹೆಂಗಸರದ್ದು 4 ಕಿಲೋ. ನಿಲ್ಲಬೇಕಾದ ವೃತ್ತದ ಅಗಲ 2.135 ಮೀಟರ್. ಸುತ್ತಲೂ ಎತ್ತರದ ಬಲೆ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುತ್ತಿದ್ದ ಕವಣೆ ನೋಡಿದವರಿಗೆ ಇದರ ಮೂಲ ತತ್ವ ಗೊತ್ತಿರುತ್ತೆ. ಸುತ್ತಿಸಿ ಸುತ್ತಿಸಿ ವೇಗ ಕೂಡಿಸುವುದು, ಸರಿಯಾದ ಕ್ಷಣಕ್ಕೆ ಬಿಡುವುದು. ಆದರೆ ಕವಣೆಯಲ್ಲಿ ತಿರುಗುವುದು ಕೈ ಮಾತ್ರ. ಇಲ್ಲಿ ಇಡೀ ಆಳೇ ತಿರುಗಬೇಕು.

ಎಸೆತಗಾರ ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ಮೊದಲು ಎರಡು ಸಲ ತಲೆಯ ಮೇಲಿಂದ ಹ್ಯಾಮರ್ ಬೀಸುತ್ತಾರೆ. ಆಮೇಲೆ ಮೂರೋ ನಾಲ್ಕೋ ಸುತ್ತು. ಬಲಗೈಯವರಾದರೆ ಎಡಗಾಲು ನೆಲ ಬಿಡುವುದೇ ಇಲ್ಲ. ಹಿಮ್ಮಡಿಯಿಂದ ಮುಂಗಾಲಿಗೆ ಉರುಳುತ್ತಾ ತಿರುಗುತ್ತದೆ. ಬಲಗಾಲು ಮಾತ್ರ ಪ್ರತಿ ಸುತ್ತಿಗೂ ಎದ್ದು ಮತ್ತೆ ಊರಬೇಕು. ಹ್ಯಾಮರ್ ಸುತ್ತುವ ದಾರಿ ನೆಲಕ್ಕೆ ಸಮವಾಗಿರುವುದಿಲ್ಲ, ಓರೆಯಾಗಿರುತ್ತೆ. ಒಂದು ಕಡೆ ಮೇಲೇರುತ್ತೆ, ಇನ್ನೊಂದು ಕಡೆ ನೆಲದ ಹತ್ತಿರ ಇಳಿಯುತ್ತೆ. ಅದು ಇಳಿಯುವ ಹೊತ್ತಿನಲ್ಲಿ ಎರಡೂ ಕಾಲು ನೆಲದ ಮೇಲಿದ್ದರೆ ಎಳೆದು ವೇಗ ಕೊಡಬಹುದು. ಒಂದೇ ಕಾಲಿದ್ದಾಗ ಜೊತೆಗೆ ತಿರುಗುವುದೊಂದೇ ಕೆಲಸ. ಅದಕ್ಕೇ ಈ ಆಟದ ಗುಟ್ಟೆಲ್ಲ ಬಲಗಾಲು ಎಷ್ಟು ಬೇಗ ಕೆಳಗೆ ಬರುತ್ತೆ ಅನ್ನೋದರಲ್ಲಿದೆ. ನೋಡುವವರ ಕಣ್ಣು ಗುಂಡಿನ ಮೇಲಿರುತ್ತೆ. ಕೋಚ್‌ಗಳ ಕಣ್ಣು ಆ ಕಾಲಿನ ಮೇಲೆ.

80 ಮೀಟರ್ ದಾಟುವ ಎಸೆತದಲ್ಲಿ ಕೈಬಿಡುವ ಹೊತ್ತಿಗೆ ಗುಂಡಿನ ವೇಗ ಗಂಟೆಗೆ 100 ಕಿ.ಮೀ. ಮೀರಿರುತ್ತೆ. ಆಗ ತಂತಿ ಹೊರಕ್ಕೆ ಎಳೆಯುವ ಬಲ 300 ಕಿಲೋ ತೂಕಕ್ಕಿಂತಲೂ ಜಾಸ್ತಿ. ಅದನ್ನು ತಡೆದು ನಿಲ್ಲಬೇಕು, ವೃತ್ತದಿಂದ ಹೊರಗೆ ಕಾಲಿಡಬಾರದು, ಬಲೆಯ ಕಿಂಡಿಯಲ್ಲೇ ಗುಂಡು ಹೊರಹೋಗಬೇಕು. ಇನ್ನೊಂದು ವಿಷಯ. ಎಸೆತದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ. ವೇಗ ನೂರಕ್ಕೆ ಒಂದು ಪಾಲು ಹೆಚ್ಚಿದರೆ ದೂರ ನೂರಕ್ಕೆ ಎರಡು ಪಾಲು ಹೆಚ್ಚುತ್ತೆ, ಅಂದ್ರೆ ಒಂದೂವರೆ ಮೀಟರಿಗೂ ಜಾಸ್ತಿ. ಅಷ್ಟು ದೂರದಲ್ಲಿ ಚಿನ್ನ ಹೋಗಿ ಐದನೇ ಸ್ಥಾನ ಬರಬಹುದು. ಸ್ನಾಯು ಬೆಳೆಸಿದರೆ ಸಾಕು ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ.

ಮುರೊಫುಶಿ ಇದಕ್ಕೆ ಒಳ್ಳೆಯ ಸಾಕ್ಷಿ. ಎತ್ತರ 187 ಸೆಂ.ಮೀ., ತೂಕ ಸುಮಾರು 100 ಕಿಲೋ. ನಮಗೆ ಭಾರಿ ಅನ್ನಿಸಬಹುದು, ಆದರೆ ಅವರ ಎದುರಾಳಿಗಳಲ್ಲಿ ಬಹಳಷ್ಟು ಜನ ಅವರಿಗಿಂತ ದಪ್ಪ, ಭಾರ. ಮುರೊಫುಶಿ ಆ ಕೊರತೆ ತುಂಬಿಕೊಂಡಿದ್ದು ಕಾಲಿನ ಚುರುಕಿನಿಂದ, ನಾಲ್ಕು ಸುತ್ತಿನ ಲಯದಿಂದ. 2003ರ ಜೂನ್ 29ರಂದು ಪ್ರಾಗ್‌ನಲ್ಲಿ ಅವರು 84.86 ಮೀಟರ್ ಎಸೆದರು. ಸೋವಿಯತ್ ಒಕ್ಕೂಟದ ಯೂರಿ ಸೆಡಿಖ್ 1986ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಬರೆದ ವಿಶ್ವದಾಖಲೆ 86.74 ಮೀಟರ್. ಅದಕ್ಕಿಂತ 1.88 ಮೀಟರ್ ಮಾತ್ರ ಕಡಿಮೆ. ಸೆಡಿಖ್ ಅವರ ದಾಖಲೆ ಇವತ್ತಿಗೂ ಮುರಿದಿಲ್ಲ.

ಕೋಜಿಗೆ ಈ ಆಟ ಬಂದದ್ದು ಮನೆಯಿಂದ. ಅಪ್ಪ ಶಿಗೆನೊಬು ಮುರೊಫುಶಿ 1970ರಿಂದ 1986ರವರೆಗೆ ಒಂದಾದ ಮೇಲೊಂದು ಐದು ಏಷ್ಯನ್ ಗೇಮ್ಸ್‌ಗಳಲ್ಲಿ ಹ್ಯಾಮರ್ ಚಿನ್ನ ಗೆದ್ದವರು. ಅದರಲ್ಲಿ ಒಂದು ನಮ್ಮ ದೆಹಲಿಯಲ್ಲಿ, 1982ರಲ್ಲಿ ಬಂದದ್ದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಧ್ವಜ ಹಿಡಿದವರು ಅವರೇ. ಅಮ್ಮ ಸೆರಫೀನಾ ಮೊರಿಟ್ಸ್ ರುಮೇನಿಯಾದವರು, ಜಾವೆಲಿನ್ ಎಸೆತಗಾರ್ತಿ. ತಂಗಿ ಯುಕಾ ಡಿಸ್ಕಸ್ ಮತ್ತು ಹ್ಯಾಮರ್ ಎರಡರಲ್ಲೂ ಜಪಾನ್ ದಾಖಲೆ ಮಾಡಿದರು. ಮನೆ ತುಂಬ ಎಸೆತಗಾರರೇ.

ಅಪ್ಪನ ಅತ್ಯುತ್ತಮ ಎಸೆತ 75.96 ಮೀಟರ್. ಅದು ಬಂದದ್ದು 1984ರಲ್ಲಿ, ಅವರ 38ನೇ ವಯಸ್ಸಿನಲ್ಲಿ. ಓಟಗಾರರು ನಿವೃತ್ತರಾಗಿ ಬಹಳ ವರ್ಷ ಕಳೆದಿರುವ ವಯಸ್ಸು ಅದು, ಅಲ್ವಾ? ಹ್ಯಾಮರ್‌ನಲ್ಲಿ ಹಾಗಲ್ಲ. ತಂತ್ರ ಮೈಗೂಡಲು ವರ್ಷಗಟ್ಟಲೆ ಬೇಕು, ಮೈಗೂಡಿದ ಮೇಲೆ ಅದು ಬೇಗ ಬಿಟ್ಟುಹೋಗುವುದಿಲ್ಲ. ಹಾಗಾಗಿ ಹ್ಯಾಮರ್ ಬದುಕು ನಿಧಾನಕ್ಕೆ ಶುರುವಾಗಿ ದೀರ್ಘವಾಗಿ ನಡೆಯುತ್ತೆ. ಕೋಜಿ ನಾರಿಟಾದ ಹೈಸ್ಕೂಲಿನಲ್ಲಿ ಹ್ಯಾಮರ್ ಹಿಡಿದರು, ಚುಕ್ಯೊ ವಿಶ್ವವಿದ್ಯಾಲಯದಲ್ಲಿ ಅಪ್ಪನ ಕೈಕೆಳಗೆ ಕಲಿತರು. 1995ರಲ್ಲಿ ಜಪಾನ್ ಚಾಂಪಿಯನ್ ಆದರು. 1998ರಲ್ಲಿ ಅಪ್ಪನ ದಾಖಲೆ ಮುರಿದರು, ಅದೇ ವರ್ಷ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. 1970ರಲ್ಲಿ ಅಪ್ಪ ಮೊದಲ ಚಿನ್ನ ಗೆದ್ದ ಊರೂ ಬ್ಯಾಂಕಾಕೇ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 9ನೇ ಸ್ಥಾನ. 2001ರ ಎಡ್ಮಂಟನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2003ರ ಪ್ಯಾರಿಸ್‌ನಲ್ಲಿ ಕಂಚು.

ಆಮೇಲೆ ಅಥೆನ್ಸ್.

2004ರ ಆಗಸ್ಟ್ 22ರ ಫೈನಲ್‌ನಲ್ಲಿ ಹಂಗೇರಿಯ ಆಡ್ರಿಯನ್ ಆನ್ನುಶ್ 83.19 ಮೀಟರ್ ಎಸೆದು ಮುಂದಿದ್ದರು. ಮುರೊಫುಶಿಯ ಅತ್ಯುತ್ತಮ ಎಸೆತ 82.91. ಅಂತರ 28 ಸೆಂ.ಮೀ. ಬೆಳ್ಳಿ ಪದಕ ಅಂತ ಲೆಕ್ಕ ಮುಗಿಯಿತು. ಆದರೆ ಆನ್ನುಶ್ ಕೊಟ್ಟ ಮೂತ್ರದ ಮಾದರಿಯ ಬಗ್ಗೆ ಅನುಮಾನ ಎದ್ದಿತು. ಮತ್ತೊಂದು ಮಾದರಿ ಕೊಡಿ ಅಂದಾಗ ಅವರು ಕೊಡಲಿಲ್ಲ. ಕೂಟದ ಕೊನೆಯ ದಿನ, ಆಗಸ್ಟ್ 29ರಂದು, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರ ಚಿನ್ನ ರದ್ದು ಮಾಡಿತು. ಚಿನ್ನ ಮುರೊಫುಶಿಯ ಪಾಲಾಯಿತು. ಒಲಿಂಪಿಕ್ಸ್‌ನ ಎಸೆತದ ಸ್ಪರ್ಧೆಗಳಲ್ಲಿ ಏಷ್ಯಾದ ಗಂಡಸರಿಗೆ ಸಿಕ್ಕ ಮೊದಲ ಚಿನ್ನ ಅದು. ಪದಕ ಕೊರಳಿಗೆ ಬಿದ್ದದ್ದು ಸೆಪ್ಟೆಂಬರ್‌ನಲ್ಲಿ, ಯೊಕೊಹಾಮಾದ ಕ್ರೀಡಾಂಗಣದಲ್ಲಿ, ತಮ್ಮ ದೇಶದ ಜನರ ಮುಂದೆ.

ಇಲ್ಲಿ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ತೀರ್ಪು ಬಂದ ಹೊತ್ತಿನ ಪತ್ರಿಕಾಗೋಷ್ಠಿಯಲ್ಲಿ ಮುರೊಫುಶಿ ಎದುರಾಳಿಯನ್ನು ಬಯ್ಯುತ್ತಾ ಕೂರಲಿಲ್ಲ. ಅಥೆನ್ಸ್ ಪದಕಗಳ ಹಿಂಬದಿಯಲ್ಲಿ ಪ್ರಾಚೀನ ಗ್ರೀಕ್ ಕವಿಯೊಬ್ಬರ ಸಾಲುಗಳಿದ್ದವು. ಒಲಿಂಪಿಯಾವನ್ನು ಸತ್ಯಕ್ಕೆ ಒಡತಿ ಎಂದು ಕರೆಯುವ ಸಾಲುಗಳು. ಅದರ ಜಪಾನಿ ಅನುವಾದವನ್ನು ಪತ್ರಕರ್ತರ ಮುಂದಿಟ್ಟರು. ಜಪಾನಿನ ಜನ ಆ ದಿನ ಗೆದ್ದವರನ್ನು ಮಾತ್ರ ನೋಡಲಿಲ್ಲ. ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತಿರುವ ಒಬ್ಬರನ್ನು ನೋಡಿದರು. ಅವರ ಮೇಲಿನ ಪ್ರೀತಿ ಗಟ್ಟಿಯಾದದ್ದು ಅಲ್ಲಿ ಅಂತ ನನ್ನ ನಂಬಿಕೆ.

ಹ್ಯಾಮರ್‌ನಂಥ ಆಟದಲ್ಲಿ ಉದ್ದೀಪನ ಮದ್ದಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಲ ಬೇಕಾದ ಕಡೆ ಸ್ಟೆರಾಯ್ಡ್ ಆಸೆ ಯಾವಾಗಲೂ ಇರುತ್ತೆ. ಜೊತೆಗೆ ಕ್ರೀಡಾಪಟುಗಳ ಮಾದರಿಗಳನ್ನು ವರ್ಷಗಟ್ಟಲೆ ಶೀತಲ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಪರೀಕ್ಷೆಯ ವಿಧಾನ ಸುಧಾರಿಸಿದ ಮೇಲೆ ಅದನ್ನೇ ಮತ್ತೆ ಪರೀಕ್ಷಿಸುತ್ತಾರೆ. ಆಗ ಈ ಅವಧಿ ಎಂಟು ವರ್ಷ ಇತ್ತು, ಈಗ ಹತ್ತು. ಅಥೆನ್ಸ್‌ನಲ್ಲಿ ಮೂರನೆಯವರಾಗಿ ಬಂದು, ಆನ್ನುಶ್ ಹೊರಬಿದ್ದ ಮೇಲೆ ಬೆಳ್ಳಿಗೆ ಏರಿದವರು ಬೆಲಾರೂಸ್‌ನ ಇವಾನ್ ಟಿಖಾನ್. ಅವರ ಹಳೆಯ ಮಾದರಿಯ ಮರುಪರೀಕ್ಷೆ ನಡೆದು 2012ರಲ್ಲಿ ಆ ಪದಕವೂ ಹೋಯಿತು. ಅಂದ್ರೆ ಅವತ್ತು ಮೈದಾನದಲ್ಲಿ ಮೊದಲ ಮೂರು ಸ್ಥಾನ ಪಡೆದವರಲ್ಲಿ ಹೆಸರು ಉಳಿಸಿಕೊಂಡವರು ಮುರೊಫುಶಿ ಒಬ್ಬರೇ.

ಬೀಜಿಂಗ್‌ನಲ್ಲಿ ಇದು ಉಲ್ಟಾ ಆಯಿತು. 2008ರಲ್ಲಿ ಮುರೊಫುಶಿ ಐದನೆಯವರು. ಎರಡು ಮತ್ತು ಮೂರನೇ ಸ್ಥಾನದಲ್ಲಿದ್ದ ಬೆಲಾರೂಸ್‌ನ ವಾದಿಮ್ ದೆವ್ಯಾತೊವ್ಸ್ಕಿ ಮತ್ತು ಟಿಖಾನ್ ಅವರನ್ನು ಅದೇ ಡಿಸೆಂಬರ್‌ನಲ್ಲಿ ಅನರ್ಹಗೊಳಿಸಿದರು. ಮುರೊಫುಶಿ ಕಂಚಿಗೆ ಏರುವ ಹಾಗಾಯಿತು. ಇಬ್ಬರೂ ಕ್ರೀಡಾ ನ್ಯಾಯಮಂಡಳಿಯ ಮೊರೆ ಹೋದರು. ಪ್ರಯೋಗಾಲಯ ಪರೀಕ್ಷೆಯ ನಿಯಮಗಳನ್ನು ಸರಿಯಾಗಿ ಪಾಲಿಸಿಲ್ಲ ಎಂದು 2010ರಲ್ಲಿ ಮಂಡಳಿ ಅವರ ಪದಕ ಅವರಿಗೇ ಕೊಟ್ಟಿತು. ಮುರೊಫುಶಿ ಮತ್ತೆ ಐದನೇ ಸ್ಥಾನಕ್ಕೆ ಬಂದರು. ಹ್ಯಾಮರ್ ಎಸೆತಗಾರರ ಪದಕಪಟ್ಟಿ ಓದುವಾಗ ಇದು ನೆನಪಿರಲಿ. ಅಲ್ಲಿರುವ ಸಾಲುಗಳಲ್ಲಿ ಕೆಲವು ಮೈದಾನದಲ್ಲಿ ಬರೆದದ್ದು, ಕೆಲವು ಪ್ರಯೋಗಾಲಯದಲ್ಲಿ, ಇನ್ನು ಕೆಲವು ನ್ಯಾಯಮಂಡಳಿಯಲ್ಲಿ.

ಬೇರೆಯವರು ಅನರ್ಹರಾದ್ದಕ್ಕೆ ಚಿನ್ನ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಅನ್ನೋ ಕೊಂಕು ಮಾತಿಗೆ ಉತ್ತರ ಬಂದದ್ದು 2011ರಲ್ಲಿ. ದಕ್ಷಿಣ ಕೊರಿಯಾದ ಡೇಗು ವಿಶ್ವ ಚಾಂಪಿಯನ್‌ಷಿಪ್. ಮುರೊಫುಶಿಗೆ ಆಗ 36 ವರ್ಷ. ಹಂಗೇರಿಯ ಕ್ರಿಸ್ಟಿಯಾನ್ ಪಾರ್ಶ್ 81.18 ಎಸೆದರು, ಇವರು 81.24. ಆರೇ ಸೆಂಟಿಮೀಟರ್ ಅಂತರದಲ್ಲಿ ವಿಶ್ವ ಚಾಂಪಿಯನ್. ಈ ಸಲ ಯಾವ ತೀರ್ಪಿಗೂ ಕಾಯಬೇಕಾಗಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆಗಿತ್ತು. ಕೂಟಕ್ಕೆ ಮುಂಚೆ ಮುರೊಫುಶಿ ಸುನಾಮಿಯಿಂದ ಜರ್ಜರಿತವಾಗಿದ್ದ ಇಶಿನೊಮಾಕಿಗೆ ಹೋಗಿ ಅಲ್ಲಿನ ಶಾಲೆಯ ಮಕ್ಕಳ ಜೊತೆ ಕಾಲ ಕಳೆದಿದ್ದರು. ಹಾಗಾಗಿ ಡೇಗುವಿನ ಆ ಗೆಲುವು ಜಪಾನಿಗೆ ಬರೀ ಕ್ರೀಡಾ ಸುದ್ದಿಯಾಗಿ ಉಳಿಯಲಿಲ್ಲ. ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ 78.71 ಮೀಟರ್ ಎಸೆದು ಕಂಚು ಗೆದ್ದರು, 37ನೇ ವಯಸ್ಸಿನಲ್ಲಿ.

ಈ ವಯಸ್ಸಿನಲ್ಲಿ ಹೇಗೆ ಸಾಧ್ಯವಾಯಿತು? ಕಬ್ಬಿಣ ಎತ್ತುವುದನ್ನು ಕಡಿಮೆ ಮಾಡಿ, ಮೈ ಅರ್ಥ ಮಾಡಿಕೊಳ್ಳುವುದನ್ನು ಜಾಸ್ತಿ ಮಾಡಿದ್ದರಿಂದ. ಬಾರ್‌ಬೆಲ್‌ನ ಎರಡೂ ತುದಿಗೆ ಹ್ಯಾಮರ್ ನೇತುಹಾಕಿಕೊಂಡು ಅವರು ಕಸರತ್ತು ಮಾಡುತ್ತಿದ್ದರು. ನೇತುಹಾಕಿದ ಗುಂಡು ಸುಮ್ಮನಿರುವುದಿಲ್ಲ, ತೂಗಾಡುತ್ತೆ. ಪ್ರತಿ ಸಲವೂ ಬೇರೆ ಥರ ತೂಗಾಡುತ್ತೆ. ಅದಕ್ಕೆ ತಕ್ಕಂತೆ ಮೈ ಆ ಕ್ಷಣದಲ್ಲೇ ಸರಿಮಾಡಿಕೊಳ್ಳಬೇಕು. ಒಂದೇ ರೀತಿಯ ಭಾರಕ್ಕೆ ಒಗ್ಗಿಹೋದ ಸ್ನಾಯುವನ್ನು ಮತ್ತೆ ಎಚ್ಚರಿಸುವ ಉಪಾಯ ಅದು. ಇನ್ನೊಂದು ಇನ್ನೂ ಸರಳ. ನ್ಯೂಸ್‌ಪೇಪರಿನ ಒಂದು ದೊಡ್ಡ ಹಾಳೆ ಬಿಡಿಸಿ, ಒಂದೇ ಕೈಯ ಬೆರಳುಗಳಿಂದ ಮೂಲೆಯಿಂದ ಮುದುಡುತ್ತಾ ಬಂದು ಉಂಡೆ ಮಾಡುವುದು. ಮಾಡಿ ನೋಡಿದರೆ ಗೊತ್ತಾಗುತ್ತೆ, ಅರ್ಧ ಹಾಳೆಗೆ ಮುಂಗೈ ಸೋಲುತ್ತೆ.

ಜೊತೆಗೆ ಅವರು ಓದಿದವರು. ಹ್ಯಾಮರ್ ಹೇಗೆ ವೇಗ ಪಡೆಯುತ್ತೆ ಅನ್ನೋದರ ಮೇಲೇ ಸಂಶೋಧನೆ ಮಾಡಿ 2007ರಲ್ಲಿ ಚುಕ್ಯೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ತಾವೇ ಎಸೆದು, ತಾವೇ ಅಳೆದು, ತಾವೇ ಬರೆದವರು.

ಈಗ ಜನಪ್ರಿಯತೆಯ ಮಾತಿಗೆ ಬರೋಣ. ಹ್ಯಾಮರ್‌ಗೆ ಪ್ರೇಕ್ಷಕರು ಕಡಿಮೆ ಇರುವುದಕ್ಕೆ ಗಟ್ಟಿ ಕಾರಣಗಳಿವೆ. ಬಲೆಯ ಒಳಗೆ ನಡೆಯುವುದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಗುಂಡು ಹಾರುವಾಗ ಕ್ಯಾಮೆರಾಗೂ ಸಿಗುವುದು ಕಷ್ಟ. ಬಿದ್ದ ಕಡೆ ಹುಲ್ಲುಹಾಸಿನಲ್ಲಿ ಗುಂಡಿ ಬೀಳುತ್ತೆ, ಹಾಗಾಗಿ ಫುಟ್‌ಬಾಲ್ ನಡೆಯುವ ಕ್ರೀಡಾಂಗಣದವರಿಗೆ ಇದು ಬೇಡ. ಎಷ್ಟೋ ಕೂಟಗಳಲ್ಲಿ ಹ್ಯಾಮರ್ ಪಕ್ಕದ ಮೈದಾನದಲ್ಲಿ ನಡೆಯುತ್ತೆ, ಇಲ್ಲವೇ ಜನ ಬರುವ ಮೊದಲೇ ಮುಗಿದಿರುತ್ತೆ. 2010ರಲ್ಲಿ ಡೈಮಂಡ್ ಲೀಗ್ ಅನ್ನೋ ದೊಡ್ಡ ಅಥ್ಲೆಟಿಕ್ಸ್ ಕೂಟಗಳ ಸರಣಿ ಶುರುವಾದಾಗ ಶಾಟ್‌ಪುಟ್, ಡಿಸ್ಕಸ್, ಜಾವೆಲಿನ್ ಮೂರಕ್ಕೂ ಜಾಗ ಸಿಕ್ಕಿತು. ಹ್ಯಾಮರ್‌ಗೆ ಸಿಗಲಿಲ್ಲ. ದೊಡ್ಡ ಕೂಟ ಇಲ್ಲ ಅಂದ್ರೆ ಬಹುಮಾನದ ಹಣ ಇಲ್ಲ, ಟಿವಿ ಇಲ್ಲ, ಪ್ರಾಯೋಜಕರೂ ಇಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಅತ್ಯಂತ ಕಷ್ಟದ ಎಸೆತವನ್ನೇ ಬಾಗಿಲ ಹೊರಗೆ ನಿಲ್ಲಿಸಿದ ಹಾಗಾಯಿತು.

ಹಾಗಾದರೆ ಎಸೆತಗಾರರಿಗೆ ಹೊಟ್ಟೆಪಾಡು? ಬಹುತೇಕ ದೇಶಗಳಲ್ಲಿ ಸೇನೆ, ಪೊಲೀಸ್, ವಿಶ್ವವಿದ್ಯಾಲಯ ಅಥವಾ ಯಾವುದೋ ಸಂಸ್ಥೆಯ ನೌಕರಿ. ಜಪಾನಿನಲ್ಲಿ ಕಂಪನಿಗಳೇ ಕ್ರೀಡಾಪಟುಗಳನ್ನು ನೌಕರರಾಗಿ ಇಟ್ಟುಕೊಂಡು ಸಾಕುವ ಪದ್ಧತಿ ಇದೆ. ಮುರೊಫುಶಿಗೆ ಕ್ರೀಡಾ ಸಾಮಗ್ರಿ ತಯಾರಿಸುವ ಮಿಜುನೊ ಆಸರೆಯಾಗಿತ್ತು. ನಮ್ಮಲ್ಲಿ ರೈಲ್ವೆ, ಸೇನೆ ಮಾಡುವ ಕೆಲಸ ಅಲ್ಲಿ ಕಂಪನಿಗಳು ಮಾಡುತ್ತವೆ. ಆ ಆಸರೆ ಇಲ್ಲದೆ 37ನೇ ವಯಸ್ಸಿನವರೆಗೆ ಪದಕದ ಮಟ್ಟದಲ್ಲಿ ಉಳಿಯುವುದು ಆಗದ ಮಾತು.

ನಮ್ಮ ದೇಶದಲ್ಲೂ ಮನೆಮನೆಗೂ ಗೊತ್ತಿದ್ದ ಹ್ಯಾಮರ್ ಎಸೆತಗಾರರೊಬ್ಬರಿದ್ದರು. ಅವರು ಹ್ಯಾಮರ್ ಎಸೆಯುತ್ತಿದ್ದರು ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ದೂರದರ್ಶನದ ಮಹಾಭಾರತದಲ್ಲಿ ಭೀಮನಾಗಿದ್ದ ಪ್ರವೀಣ್ ಕುಮಾರ್ ಸೋಬ್ತಿ. 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್‌ನಲ್ಲಿ ಚಿನ್ನ, ಹ್ಯಾಮರ್‌ನಲ್ಲಿ ಕಂಚು. ಅದೇ ವರ್ಷ ಕಿಂಗ್‌ಸ್ಟನ್ ಕಾಮನ್‌ವೆಲ್ತ್ ಕೂಟದಲ್ಲಿ ಹ್ಯಾಮರ್ ಬೆಳ್ಳಿ. 1970ರಲ್ಲಿ ಮತ್ತೆ ಡಿಸ್ಕಸ್ ಚಿನ್ನ. ಎರಡು ಒಲಿಂಪಿಕ್ಸ್, ಅರ್ಜುನ ಪ್ರಶಸ್ತಿ, ಗಡಿ ಭದ್ರತಾ ಪಡೆಯ ನೌಕರಿ. ಇಷ್ಟೆಲ್ಲ ಮಾಡಿದರೂ ರಸ್ತೆಯಲ್ಲಿ ಜನ ಗುರುತು ಹಿಡಿಯಲು ಶುರುಮಾಡಿದ್ದು 1988ರಲ್ಲಿ ಗದೆ ಹಿಡಿದ ಮೇಲೆ. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಸುದ್ದಿಯ ತಲೆಬರಹಗಳಲ್ಲಿ ಮೊದಲು ಬಂದದ್ದು ಭೀಮನ ಹೆಸರೇ.

ಮುರೊಫುಶಿಯ ದಾರಿಯೂ ಸ್ವಲ್ಪ ದೂರ ಹೀಗೇ ಸಾಗಿತು. ಅವರೂ ಟಿವಿಯ ಕಸರತ್ತಿನ ಸ್ಪರ್ಧೆಗಳಲ್ಲಿ ಕಾಣಿಸಿಕೊಂಡರು. ಅಲ್ಲಿ ಓಟ, ಜಿಗಿತ, ಭಾರ ಎಲ್ಲದರಲ್ಲೂ ಬೇರೆ ಆಟದವರ ಎದುರು ನಿಂತರು. ಬೇಸ್‌ಬಾಲ್ ಪಂದ್ಯದ ಆರಂಭದಲ್ಲಿ ಅತಿಥಿಗಳಿಂದ ಚೆಂಡು ಎಸೆಸುವ ಸಂಪ್ರದಾಯ ಜಪಾನಿನಲ್ಲಿದೆ. ಬೇಸ್‌ಬಾಲ್ ಅವರ ಆಟವಲ್ಲ. ಆದರೂ ಅವರು ಎಸೆದ ಚೆಂಡು ಗಂಟೆಗೆ 130 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋಗಿ ಜನ ಬಾಯಿ ಬಿಟ್ಟು ನೋಡಿದರು. ಹ್ಯಾಮರ್ ನೋಡದವರೂ ಅವರನ್ನು ನೋಡಿದ್ದು ಹೀಗೆ. ಆದರೆ ವ್ಯತ್ಯಾಸ ಇಲ್ಲಿದೆ. ಟಿವಿಯಲ್ಲೂ ಅವರು ಹ್ಯಾಮರ್ ಮುರೊಫುಶಿಯಾಗಿಯೇ ಉಳಿದರು. 1995ರಿಂದ 2014ರವರೆಗೆ ಸತತ 20 ವರ್ಷ ರಾಷ್ಟ್ರೀಯ ಚಾಂಪಿಯನ್. ಒಂದು ತಲೆಮಾರಿನ ಮಕ್ಕಳು ಶಾಲೆಗೆ ಸೇರಿ, ಓದು ಮುಗಿಸಿ, ಕೆಲಸಕ್ಕೆ ಸೇರುವವರೆಗೂ ಪ್ರತಿವರ್ಷ ಅದೇ ಹೆಸರು ಕೇಳುತ್ತಿದ್ದರು. ಟಿವಿ ಪರಿಚಯ ಮಾಡಿಸಿತು, ನಿಜ. ಪರಿಚಯವನ್ನು ನಂಬಿಕೆಯಾಗಿ ಮಾಡಿದ್ದು ಈ ಇಪ್ಪತ್ತು ವರ್ಷ.

ಜನಪ್ರಿಯತೆ ಎಲ್ಲ ಕಡೆಯೂ ಕೈಹಿಡಿಯಲಿಲ್ಲ. 2012ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕ್ರೀಡಾಪಟುಗಳ ಆಯೋಗಕ್ಕೆ ಚುನಾವಣೆ ನಡೆದಾಗ ಮುರೊಫುಶಿಗೆ ಮತಗಳೇನೋ ಬಂದವು. ಆದರೆ ಪ್ರಚಾರದ ನಿಯಮ ಮೀರಿದ್ದಾರೆ ಎಂದು ಸಮಿತಿ ಅವರ ಸ್ಪರ್ಧೆಯನ್ನೇ ರದ್ದು ಮಾಡಿತು. ಮೇಲ್ಮನವಿಯೂ ಬಿದ್ದುಹೋಯಿತು. ಅವರನ್ನು ಮೆಚ್ಚುವವರು ಈ ಭಾಗವನ್ನು ಬಿಟ್ಟು ಹೇಳುವುದುಂಟು. ಬಿಡಬಾರದು.

ಜಪಾನಿನಲ್ಲಿ ಅದರಿಂದ ಅವರ ಹೆಸರಿಗೆ ದೊಡ್ಡ ಪೆಟ್ಟು ಬೀಳಲಿಲ್ಲ. 2014ರಲ್ಲಿ ಟೋಕಿಯೊ ಒಲಿಂಪಿಕ್ಸ್ ಸಂಘಟನಾ ಸಮಿತಿಯ ಕ್ರೀಡಾ ನಿರ್ದೇಶಕರಾದರು, ಟೋಕಿಯೊದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಆಯ್ಕೆಯಾಗಲು 41ನೇ ವಯಸ್ಸಿನಲ್ಲಿ ಮತ್ತೆ ರಾಷ್ಟ್ರೀಯ ಕೂಟಕ್ಕೆ ಇಳಿದರು. 12ನೇ ಸ್ಥಾನ ಬಂತು. ಅಲ್ಲಿಗೆ ಆಟ ಬಿಟ್ಟರು. 2020ರ ಅಕ್ಟೋಬರ್‌ನಲ್ಲಿ ಜಪಾನ್ ಸರ್ಕಾರದ ಕ್ರೀಡಾ ಸಂಸ್ಥೆಯ ಮುಖ್ಯಸ್ಥರಾದರು. ನೀರಜ್ ಚೋಪ್ರಾ ಚಿನ್ನ ಗೆದ್ದ ಟೋಕಿಯೊ ಕೂಟ ನಡೆದಾಗ ಆ ಕುರ್ಚಿಯಲ್ಲಿದ್ದವರು ಅವರು.

ಅವರ ಹೆಸರು ಬೆಳೆದಷ್ಟು ಅವರ ಆಟ ಬೆಳೆಯಲಿಲ್ಲ. 84.86 ಮೀಟರ್ ಇವತ್ತಿಗೂ ಏಷ್ಯಾದ ದಾಖಲೆ. ಜಪಾನಿನಲ್ಲಿ 80 ಮೀಟರ್ ದಾಟಿದ ಇನ್ನೊಬ್ಬರು ಬಂದಿಲ್ಲ. ಏಷ್ಯಾದಿಂದ ಮತ್ತೊಂದು ಒಲಿಂಪಿಕ್ ಹ್ಯಾಮರ್ ಚಿನ್ನ ಬಂದದ್ದು 2016ರಲ್ಲಿ, ತಜಿಕಿಸ್ತಾನದ ದಿಲ್ಶೋದ್ ನಜರೋವ್ ಅವರಿಂದ. ಆ ಪುಟ್ಟ ದೇಶಕ್ಕೆ ಯಾವುದೇ ಆಟದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು. ಮುರೊಫುಶಿ ಅವರಂತೆ ನಜರೋವ್ ಕೂಡ ಹದಿನೈದು ವರ್ಷಕ್ಕೂ ಜಾಸ್ತಿ ಎಸೆದರು, 34ನೇ ವಯಸ್ಸಿನಲ್ಲಿ ಗೆದ್ದರು. ಆದರೆ 2011ರ ಅವರ ಮಾದರಿಯ ಮರುಪರೀಕ್ಷೆಯಲ್ಲಿ ಮದ್ದು ಪತ್ತೆಯಾಗಿ, ಆಮೇಲೆ ಅವರ ಮೇಲೆ ನಿಷೇಧ ಬಿತ್ತು.